ಥೈರಾಯ್ಡ್ ಮಾತ್ರೆ: ಬರಿಹೊಟ್ಟೆಯಲ್ಲಿ, ಒಂಟಿಯಾಗಿ, ಪ್ರತಿದಿನ

"ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ಸುಸ್ತು ಹೋಗಿಲ್ಲ, ಟಿಎಸ್‌ಎಚ್ ಇಳಿದಿಲ್ಲ" (ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ರಕ್ತ ಪರೀಕ್ಷೆಯಲ್ಲಿ ಏರಿ ಕಾಣುವ ಅಂಕಿ ಇದು) ಎನ್ನುವವರನ್ನು ನಮ್ಮ ಕೋಲಾರ ಜಿಲ್ಲೆಯ ಯಾವ ಔಷಧಿ ಅಂಗಡಿಯ ಮುಂದೆ ನಿಂತರೂ ಕಾಣಬಹುದು. ಮಾತ್ರೆ ಕೊಡುವ ಕೌಂಟರಿನ ಹಿಂದೆ ನಿಂತು ನಾನು ಅವರನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: ಬೆಳಿಗ್ಗೆ ಎದ್ದಮೇಲೆ ಹೊಟ್ಟೆಗೆ ಮೊದಲು ಇಳಿಯುವುದು ಯಾವುದು? ಕಾಫಿಯೋ, ರಾಗಿ ಗಂಜಿಯೋ, ಗ್ಯಾಸ್ ಮಾತ್ರೆಯೋ, ಥೈರಾಯ್ಡ್ ಮಾತ್ರೆಯೋ? ಇದಕ್ಕೆ ಬರುವ ಉತ್ತರದಲ್ಲೇ ಎಷ್ಟೋ ಬಾರಿ ಗುಟ್ಟು ಬಯಲಾಗುತ್ತದೆ. ವೈದ್ಯರು ಬರೆದ ಪ್ರಮಾಣ ಸರಿಯಾಗಿಯೇ ಇರುತ್ತದೆ. ಆದರೆ ಅದರಲ್ಲಿ ಎಷ್ಟೋ ಭಾಗ ರಕ್ತಕ್ಕೆ ಸೇರದೆ ಹೊಟ್ಟೆಯಲ್ಲೇ ಸೋರಿಹೋಗುತ್ತಿರುತ್ತದೆ.

ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನು ತಯಾರಿಸದಿದ್ದರೆ ಸುಸ್ತು, ಚಳಿ ತಾಳದಿರುವುದು, ಮಲಬದ್ಧತೆ, ಒಣ ಚರ್ಮ, ಕೂದಲು ಉದುರುವುದು, ಮುಖ ಊದಿಕೊಳ್ಳುವುದು, ಮುಟ್ಟಿನಲ್ಲಿ ಏರುಪೇರು, ತೂಕ ಹೆಚ್ಚುವುದು ಒಂದೊಂದಾಗಿ ಶುರುವಾಗುತ್ತವೆ. ಆ ಕೊರತೆಯನ್ನು ತುಂಬಲು ಕೊಡುವ ಔಷಧ ಲೆವೋಥೈರಾಕ್ಸಿನ್. ಥೈರೋನಾರ್ಮ್, ಎಲ್ಟ್ರಾಕ್ಸಿನ್ ಮುಂತಾದ ಹೆಸರುಗಳಲ್ಲಿ ಸಿಗುವ ಮಾತ್ರೆಗಳಲ್ಲಿ ಇರುವುದು ಇದೇ. ನಮ್ಮ ಗ್ರಂಥಿ ಸ್ವತಃ ತಯಾರಿಸುವ ಟಿ-4 ಹಾರ್ಮೋನೇ ಇದು, ಕಾರ್ಖಾನೆಯಲ್ಲಿ ಮಾಡಿದ್ದು ಎಂಬುದಷ್ಟೇ ವ್ಯತ್ಯಾಸ. ಹಾಗಾಗಿ ಸರಿಯಾದ ಪ್ರಮಾಣದಲ್ಲಿ ವರ್ಷಗಟ್ಟಲೆ ತೆಗೆದುಕೊಂಡರೂ ಹೆದರಬೇಕಾಗಿಲ್ಲ. ತೊಂದರೆ ಬರುವುದು ಪ್ರಮಾಣ ಹೆಚ್ಚಾದಾಗ, ಕಡಿಮೆಯಾದಾಗ, ಹೊತ್ತು ತಪ್ಪಿದಾಗ.

ಈ ಲೇಖನ ವೈದ್ಯರು ಈಗಾಗಲೇ ಪರೀಕ್ಷಿಸಿ ಚೀಟಿ ಬರೆದುಕೊಟ್ಟವರಿಗಾಗಿ. ಚೀಟಿ ಇಲ್ಲದೆ ಈ ಮಾತ್ರೆಯನ್ನು ಯಾರೂ ಶುರು ಮಾಡಬಾರದು. ಟಿಎಸ್‌ಎಚ್ ಸ್ವಲ್ಪ ಮಾತ್ರ ಏರಿದ್ದು ಟಿ-4 ಸರಿಯಾಗಿಯೇ ಇರುವ ಅನೇಕರಿಗೆ ಮಾತ್ರೆಯೇ ಬೇಡವಾಗಬಹುದು, ಕೆಲವು ತಿಂಗಳ ನಂತರ ಮತ್ತೆ ಪರೀಕ್ಷಿಸಿದರೆ ಸಾಕಾಗಬಹುದು. ಅದನ್ನು ವೈದ್ಯರೇ ತೀರ್ಮಾನಿಸಬೇಕು.

1. ಚೀಟಿಯನ್ನೂ ಡಬ್ಬಿಯನ್ನೂ ಪಕ್ಕಪಕ್ಕ ಇಟ್ಟು ಓದಿ

ಈ ಮಾತ್ರೆಯನ್ನು ಅಳೆಯುವುದು ಮೈಕ್ರೋಗ್ರಾಂ ಲೆಕ್ಕದಲ್ಲಿ. ಒಂದು ಮಿಲಿಗ್ರಾಮಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರೋಗ್ರಾಂ. ಅಂಗಡಿಯಲ್ಲಿ 12.5ರಿಂದ ಹಿಡಿದು 25, 50, 75, 88, 100, 125, 150 ಮೈಕ್ರೋಗ್ರಾಂವರೆಗೆ ಹಲವು ಅಳತೆಗಳಿವೆ. 25 ಕೇಳಿ 125 ಒಯ್ದರೆ ಐದು ಪಟ್ಟು ಔಷಧ ಮೈಗೆ ಸೇರುತ್ತದೆ. ಹಿಂದಿನ ಡಬ್ಬಿಯ ಬಣ್ಣ ಹೇಳಿ ಕೊಳ್ಳಬೇಡಿ, ಅಂಕಿ ಹೇಳಿ ಕೊಳ್ಳಿ. ಚೀಟಿಯಲ್ಲಿ 0.1 ಮಿಲಿಗ್ರಾಂ ಎಂದಿದ್ದರೆ ಅದು 100 ಮೈಕ್ರೋಗ್ರಾಂ.

ಅಳತೆ ಒಬ್ಬೊಬ್ಬರಿಗೆ ಒಂದೊಂದು. ಆರೋಗ್ಯವಂತ ವಯಸ್ಕರಿಗೆ ಪೂರ್ಣ ಪ್ರಮಾಣ ಬೇಕಾದಾಗ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಮೈಕ್ರೋಗ್ರಾಂ ಲೆಕ್ಕ ಹಾಕುತ್ತಾರೆ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ 12.5 ಅಥವಾ 25ರಿಂದ ಶುರು ಮಾಡಿ ನಿಧಾನವಾಗಿ ಏರಿಸುತ್ತಾರೆ. ಒಮ್ಮೆಲೇ ಹೆಚ್ಚು ಕೊಟ್ಟರೆ ಹೃದಯದ ಮೇಲೆ ಭಾರ ಬೀಳುತ್ತದೆ. ಹಾಗಾಗಿ ಅತ್ತೆಯ ಮಾತ್ರೆ ಸೊಸೆಗೆ, ಅಕ್ಕನ ಮಾತ್ರೆ ತಂಗಿಗೆ ಎಂದು ಹಂಚಿಕೊಳ್ಳುವ ರೂಢಿ ಈ ಔಷಧದಲ್ಲಿ ಸಲ್ಲದು.

ಕಂಪನಿ ಬದಲಾಯಿಸುವ ಮುನ್ನವೂ ಯೋಚಿಸಿ. ಅಗ್ಗದ ಮಾತ್ರೆ ಕೆಟ್ಟದ್ದೇನಲ್ಲ. ಲೆವೋಥೈರಾಕ್ಸಿನ್ ಕೇಂದ್ರ ಸರ್ಕಾರದ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇದೆ. ಜನೌಷಧಿ ಕೇಂದ್ರದಲ್ಲಿ ನಿಮ್ಮ ಅಳತೆ ಸಿಗುವುದಾದರೆ ವೈದ್ಯರಿಗೆ ತಿಳಿಸಿ ಅದನ್ನೇ ತೆಗೆದುಕೊಳ್ಳಬಹುದು. ಆದರೆ ಒಂದು ಕಂಪನಿಯದಕ್ಕೂ ಇನ್ನೊಂದರದಕ್ಕೂ ರಕ್ತಕ್ಕೆ ಸೇರುವ ಪ್ರಮಾಣದಲ್ಲಿ ಸಣ್ಣ ವ್ಯತ್ಯಾಸ ಇರಬಹುದು. ಈ ಔಷಧದಲ್ಲಿ ಆ ಸಣ್ಣ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಬದಲಾಯಿಸಿದರೆ ಆರರಿಂದ ಎಂಟು ವಾರಗಳ ನಂತರ ರಕ್ತ ಪರೀಕ್ಷೆ ಮಾಡಿಸಿ, ತಿಂಗಳಿಗೊಂದು ಕಂಪನಿ ಮಾತ್ರ ಬೇಡ.

2. ದಿನದ ಒಂದು ಗಂಟೆಯನ್ನು ಈ ಮಾತ್ರೆಗೆ ಬಿಟ್ಟುಕೊಡಿ

ಎದ್ದು ಬಾಯಿ ತೊಳೆದ ಕೂಡಲೇ ಒಂದು ಲೋಟ ಬರಿ ನೀರಿನೊಂದಿಗೆ ಮಾತ್ರೆ ನುಂಗಿ. ಆಮೇಲೆ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ, ನೀರು ಬಿಟ್ಟು ಬೇರೇನನ್ನೂ ಮುಟ್ಟಬೇಡಿ. ಕಾಫಿ, ಟೀ, ಹಾಲು, ಮಜ್ಜಿಗೆ, ಜೀರಿಗೆ ಕಷಾಯ ಎಲ್ಲಕ್ಕೂ ಇದೇ ಮಾತು. ಹಾಲು ಹಾಕದ ಕರಿಕಾಫಿಯೂ ಮಾತ್ರೆಯ ಹೀರಿಕೆಯನ್ನು ತಗ್ಗಿಸುತ್ತದೆ.

ನಮ್ಮ ಕಡೆಯ ತಿಂಡಿಯ ವಿಷಯಕ್ಕೆ ಬಂದರೆ, ರಾಗಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಾರಿನಂಶವೂ ಚೆನ್ನಾಗಿದೆ. ಮೂಳೆಗೆ, ಕರುಳಿಗೆ ಅದು ವರವೇ ಸರಿ. ಆದರೆ ಅದೇ ಕ್ಯಾಲ್ಸಿಯಂ, ಅದೇ ನಾರು ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆಗೆ ಎದುರಾದರೆ ಅದನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಥೈರಾಯ್ಡ್ ಇದೆಯೆಂದು ಮುದ್ದೆ ಬಿಡಿಸುವವರ ಮಾತು ಕೇಳಬೇಡಿ. ಮಧ್ಯಾಹ್ನ, ರಾತ್ರಿ ಮುದ್ದೆ ಊಟ ಧಾರಾಳವಾಗಿ ಮಾಡಿ. ಬೆಳಗಿನ ಅಂಬಲಿಯನ್ನು ಮಾತ್ರ ಮಾತ್ರೆ ನುಂಗಿ ಒಂದು ಗಂಟೆ ಕಳೆದ ಮೇಲೆ ಕುಡಿಯಿರಿ. ಎಲೆಕೋಸು, ಹೂಕೋಸು ತಿನ್ನಬಾರದೆಂದು ಹೇಳುವವರೂ ಇದ್ದಾರೆ. ಬೇಯಿಸಿ, ಪಲ್ಯ ಮಾಡಿ ಮನೆಮಂದಿ ತಿನ್ನುವಷ್ಟು ತಿಂದರೆ ಏನೂ ಆಗದು. ಸೋಯಾ ತಿನ್ನುವವರು ಮಾತ್ರೆಗೂ ಅದಕ್ಕೂ ಒಳ್ಳೆಯ ಅಂತರ ಇಡಬೇಕು.

ಬೆಳಗಿನ ಆ ಒಂದು ಗಂಟೆಯನ್ನು ಎಲ್ಲಿಂದ ತರುವುದು? ಹಳ್ಳಿಯಲ್ಲಿ ಹಸು ಕಟ್ಟಿದವರಿಗೆ ಇದು ಸುಲಭ. ಎದ್ದ ಕೂಡಲೇ ಮಾತ್ರೆ ನುಂಗಿ ಕೊಟ್ಟಿಗೆಗೆ ಹೋಗಿ, ಹಾಲು ಕರೆದು, ಡೇರಿಗೆ ಹಾಕಿ ಬರುವಷ್ಟರಲ್ಲಿ ಗಂಟೆ ಕಳೆದಿರುತ್ತದೆ, ಆಮೇಲೆ ನಿಶ್ಚಿಂತೆಯಿಂದ ಕಾಫಿ ಕುಡಿಯಬಹುದು. ಮಾತ್ರೆ ಡಬ್ಬಿಯನ್ನು ಹಾಲಿನ ಕ್ಯಾನಿನ ಹತ್ತಿರದ ಗೂಡಿನಲ್ಲಿ ಇಟ್ಟುಕೊಂಡವರು ಮರೆಯುವುದು ಅಪರೂಪ. ಬಂಗಾರಪೇಟೆ, ಮಾಲೂರಿನಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗುವವರು, ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗುವವರಿಗೆ ಇದು ಕಷ್ಟ. ಒಂದು ವಾರ ಹಗಲು ಪಾಳಿ, ಇನ್ನೊಂದು ವಾರ ರಾತ್ರಿ ಪಾಳಿ ಎಂದಾದರೆ "ಬೆಳಿಗ್ಗೆ" ಎಂಬ ಮಾತಿಗೇ ಅರ್ಥವಿಲ್ಲ. ಅಂಥವರು ಮಲಗುವ ಹೊತ್ತಿಗೆ ಮಾತ್ರೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಕೊನೆಯ ಊಟವಾಗಿ ಮೂರು ಗಂಟೆಯಾದರೂ ಕಳೆದಿದ್ದರೆ ಮಲಗುವ ಮುನ್ನ ತೆಗೆದುಕೊಂಡ ಮಾತ್ರೆಯೂ ಬೆಳಗಿನದರಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ರಂಜಾನ್ ಉಪವಾಸ ಮಾಡುವವರಿಗೂ ಇದೇ ದಾರಿ ಒದಗುತ್ತದೆ: ಸಹರಿಗೆ, ಅಂದರೆ ಉಪವಾಸಕ್ಕೆ ಮುನ್ನಿನ ನಸುಕಿನ ಊಟಕ್ಕೆ, ಅರ್ಧ ಗಂಟೆ ಮೊದಲು, ಇಲ್ಲವೇ ರಾತ್ರಿ ಊಟವಾಗಿ ಮೂರು ಗಂಟೆಯ ನಂತರ. ಒಮ್ಮೆ ಒಂದು ಹೊತ್ತನ್ನು ಆರಿಸಿಕೊಂಡ ಮೇಲೆ ಅದಕ್ಕೇ ಅಂಟಿಕೊಳ್ಳಿ.

3. ಬೇರೆ ಮಾತ್ರೆಗಳನ್ನು ದೂರ ಇಡಿ

ಜನ ಹೆಚ್ಚು ಎಡವುವುದು ಇಲ್ಲಿ. ಕೆಲವು ಸಮಯದ ಹಿಂದೆ ತುಂಬು ಬಸುರಿಯೊಬ್ಬರು ನಮ್ಮ ಕೌಂಟರಿನ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಸುರುವಿದರು. ಥೈರಾಯ್ಡ್ ಡಬ್ಬಿ, ಕೆಂಪು ಬಣ್ಣದ ಕಬ್ಬಿಣದ ಮಾತ್ರೆ, ದಪ್ಪನೆಯ ಬಿಳಿ ಕ್ಯಾಲ್ಸಿಯಂ ಮಾತ್ರೆ.

"ಈ ಮೂರನ್ನೂ ಯಾವಾಗ ತಗೊಳ್ಳುತ್ತೀಯಮ್ಮ?"

"ಒಟ್ಟಿಗೇ ಮೇಡಂ, ಬೆಳಿಗ್ಗೆ ಎದ್ದ ತಕ್ಷಣ. ಆಮೇಲೆ ಮರೆತುಹೋಗುತ್ತೆ ಅಂತ ಅತ್ತೆ ಮೂರನ್ನೂ ಕೈಗೆ ಕೊಟ್ಟುಬಿಡ್ತಾರೆ."

ಅತ್ತೆಯ ಕಾಳಜಿ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಬ್ಬಿಣ ಮತ್ತು ಕ್ಯಾಲ್ಸಿಯಂ ಎರಡೂ ಥೈರಾಯ್ಡ್ ಮಾತ್ರೆಯನ್ನು ಹಿಡಿದಿಡುತ್ತವೆ. ಸಾಲದೆಂಬಂತೆ ಕ್ಯಾಲ್ಸಿಯಂ ಕಬ್ಬಿಣವನ್ನೂ ಹೀರಿಕೊಳ್ಳಲು ಬಿಡುವುದಿಲ್ಲ. ಮೂರು ಮಾತ್ರೆ ನುಂಗಿದರೂ ಮೂರರ ಪೂರ್ಣ ಫಲ ಸಿಗುವುದಿಲ್ಲ. ಥೈರಾಯ್ಡ್ ಮಾತ್ರೆಗೂ ಕಬ್ಬಿಣ, ಕ್ಯಾಲ್ಸಿಯಂಗೂ ನಡುವೆ ನಾಲ್ಕು ಗಂಟೆ ಅಂತರವಿರಬೇಕು. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ನಡುವೆ ಕನಿಷ್ಠ ಎರಡು ಗಂಟೆ ಬೇಕು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದು ಕಬ್ಬಿಣದ ಮಾತ್ರೆ, ಎರಡು ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ. ಇವೆರಡೂ ಬೇಕೇಬೇಕು, ಬಿಡುವಂತಿಲ್ಲ. ದಿನಚರಿಯನ್ನು ಹೀಗೆ ಹೊಂದಿಸಿಕೊಳ್ಳಬಹುದು: ಬೆಳಿಗ್ಗೆ ಐದೂವರೆಗೆ ಥೈರಾಯ್ಡ್ ಮಾತ್ರೆ, ಆರೂವರೆಯ ನಂತರ ಕಾಫಿ, ತಿಂಡಿ. ಮಧ್ಯಾಹ್ನ ಒಂದಕ್ಕೆ ಊಟದೊಂದಿಗೆ ಮೊದಲ ಕ್ಯಾಲ್ಸಿಯಂ. ಸಂಜೆ ನಾಲ್ಕೂವರೆಗೆ ಕಬ್ಬಿಣದ ಮಾತ್ರೆ, ಜೊತೆಗೆ ನಿಂಬೆಹಣ್ಣಿನ ಪಾನಕವಾದರೆ ಇನ್ನೂ ಒಳ್ಳೆಯದು. ಆದರೆ ಸಂಜೆಯ ಟೀ ಮಾತ್ರ ಅದರ ಜೊತೆ ಬೇಡ, ಟೀ ಕಬ್ಬಿಣವನ್ನು ಕೆಡಿಸುತ್ತದೆ. ರಾತ್ರಿ ಊಟದೊಂದಿಗೆ ಎರಡನೇ ಕ್ಯಾಲ್ಸಿಯಂ. ತಾಯಿ ಕಾರ್ಡಿನ ಹಿಂಬದಿಯಲ್ಲಿ ಈ ಹೊತ್ತುಗಳನ್ನು ಬರೆದಿಟ್ಟುಕೊಂಡು ಆಶಾ ಕಾರ್ಯಕರ್ತೆಗೂ ಒಮ್ಮೆ ತೋರಿಸಿ.

ಗ್ಯಾಸ್ ಮಾತ್ರೆಯದು ಬೇರೆಯೇ ಕಥೆ. ಹೊಟ್ಟೆಯುರಿಗೆ ಕುಡಿಯುವ ಗುಲಾಬಿ, ಬಿಳಿ ಬಣ್ಣದ ಸಿರಪ್ಪುಗಳಿಗೂ ನಾಲ್ಕು ಗಂಟೆ ಅಂತರ ಇಟ್ಟರೆ ಸಾಕು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಹಾಗಲ್ಲ. ಅವು ದಿನವಿಡೀ ಹೊಟ್ಟೆಯ ಆಮ್ಲವನ್ನು ತಗ್ಗಿಸುತ್ತವೆ. ಮಾತ್ರೆ ಚೆನ್ನಾಗಿ ಕರಗಲು ಆ ಆಮ್ಲ ಬೇಕು. ಹೊತ್ತು ಬದಲಾಯಿಸಿದ ಮಾತ್ರಕ್ಕೆ ಈ ತೊಡಕು ಪೂರ್ತಿ ತೀರುವುದಿಲ್ಲ. ಅದನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸಿ ಟಿಎಸ್‌ಎಚ್ ನೋಡಿಸಬೇಕು, ನಿಜವಾಗಿ ಅದು ಬೇಕೇ ಎಂದೂ ಕೇಳಬೇಕು. ಯಾವುದೋ ಜ್ವರಕ್ಕೆ ಬರೆದುಕೊಟ್ಟ ಗ್ಯಾಸ್ ಮಾತ್ರೆಯನ್ನು ವರ್ಷವಿಡೀ ಮುಂದುವರಿಸುವವರು ನಮ್ಮಲ್ಲಿ ಕಡಿಮೆಯಿಲ್ಲ.

ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ಶುರುವಾದಾಗ ಥೈರಾಯ್ಡ್ ಮಾತ್ರೆಯ ಪ್ರಮಾಣ ಏರಿಸಬೇಕಾಗಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಥೈರಾಯ್ಡ್ ಮಾತ್ರೆ ಅದರ ಬಲವನ್ನು ಹೆಚ್ಚಿಸಿ ರಕ್ತಸ್ರಾವಕ್ಕೆ ದಾರಿ ಮಾಡಬಹುದು. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್, ಮಾತ್ರೆಗಳ ಪ್ರಮಾಣ ಸ್ವಲ್ಪ ಬದಲಾಗಬಹುದು. ಯಾವ ವೈದ್ಯರ ಬಳಿ ಹೋದರೂ "ನನಗೆ ಥೈರಾಯ್ಡ್ ಇದೆ, ಇಷ್ಟು ಮೈಕ್ರೋಗ್ರಾಂ ತೆಗೆದುಕೊಳ್ಳುತ್ತಿದ್ದೇನೆ" ಎಂದು ಮೊದಲೇ ಹೇಳಿಬಿಡಿ.

4. ಮರೆತರೆ ಗಾಬರಿ ಬೇಡ, ಮನಸ್ಸಿಗೆ ಬಂದಂತೆ ನಿಲ್ಲಿಸುವುದೂ ಬೇಡ

ಬೆಳಿಗ್ಗೆ ಮರೆತು ಅದೇ ದಿನ ನೆನಪಾದರೆ, ಹೊಟ್ಟೆ ಖಾಲಿ ಇರುವ ಹೊತ್ತು ನೋಡಿ ತೆಗೆದುಕೊಳ್ಳಿ. ಮರುದಿನ ನೆನಪಾದರೆ ಎಂದಿನ ಒಂದನ್ನೇ ತೆಗೆದುಕೊಳ್ಳಿ. ವೈದ್ಯರು ಹೇಳದೆ ಎರಡು ಸೇರಿಸಬೇಡಿ.

ಈ ಔಷಧ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಹಿಡಿಯುತ್ತದೆ. ಒಂದು ದಿನ ತಪ್ಪಿದರೆ ಏನೂ ಗೊತ್ತಾಗದಿರುವುದು ಅದಕ್ಕೇ. ಹಬ್ಬಕ್ಕೆ ತವರಿಗೆ ಹೋದಾಗ ಹತ್ತು ದಿನ ಬಿಟ್ಟವರಿಗೆ ಆರೋಗ್ಯವಾಗಿಯೇ ಇದ್ದೇನೆ ಅನ್ನಿಸುತ್ತದೆ, ಇನ್ನು ಮಾತ್ರೆ ಬೇಡ ಎಂಬ ನಂಬಿಕೆ ಬೇರೂರುತ್ತದೆ. ಎರಡು ಮೂರು ತಿಂಗಳಲ್ಲಿ ಸುಸ್ತು, ಮುಖದ ಊತ ಮತ್ತೆ ಹಾಜರಾಗುತ್ತವೆ. ದೇಹವೇ ಥೈರಾಯ್ಡ್ ಗ್ರಂಥಿಯನ್ನು ಹಾಳುಮಾಡುವ ಹಾಶಿಮೋಟೊ ಎಂಬ ಕಾಯಿಲೆ ಇರುವವರಿಗೆ, ಶಸ್ತ್ರಚಿಕಿತ್ಸೆಯಲ್ಲಿ ಗ್ರಂಥಿಯನ್ನು ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಜೀವನವಿಡೀ ಮಾತ್ರೆ ಬೇಕು. ಹೆರಿಗೆಯ ನಂತರ ಕೆಲವರಿಗೆ ಬರುವ ಥೈರಾಯ್ಡ್ ಉರಿಯೂತದಂಥ ಸಂದರ್ಭಗಳಲ್ಲಿ ಮುಂದೆ ನಿಲ್ಲಿಸಲು ಆಗಬಹುದು, ಆದರೆ ಅದನ್ನು ಪರೀಕ್ಷೆ ನೋಡಿಯೇ ನಿರ್ಧರಿಸಬೇಕು. ಮೊಬೈಲಿನಲ್ಲಿ ಹರಿದಾಡುವ "ಥೈರಾಯ್ಡ್ ಬುಡಸಮೇತ ಗುಣ" ಎಂಬ ಪುಡಿ, ಕಷಾಯಗಳನ್ನು ನಂಬಿ ಮಾತ್ರೆ ಬಿಟ್ಟವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಅಯೋಡಿನ್ ಉಪ್ಪು ಅಡುಗೆಗೆ ಅಗತ್ಯ, ಗಳಗಂಡ ತಡೆಯಲು ಅದೇ ಆಧಾರ. ಆದರೆ ಹಾಶಿಮೋಟೊ ಬಂದವರಿಗೆ ಹೆಚ್ಚು ಅಯೋಡಿನ್ ಔಷಧವಾಗುವುದಿಲ್ಲ.

5. ಡಬ್ಬಿಯ ಜಾಗ

ಶಾಖ, ತೇವ, ಬೆಳಕು ಮೂರೂ ಈ ಮಾತ್ರೆಯ ಸತ್ವ ತೆಗೆಯುತ್ತವೆ. ಒಲೆಯ ಮೇಲಿನ ಕಪಾಟು, ಬಚ್ಚಲುಮನೆಯ ಗೂಡು, ಬಿಸಿಲು ಬೀಳುವ ಕಿಟಕಿ ಬೇಡ. ಡಬ್ಬಿಯೊಳಗಿನ ಪುಟ್ಟ ಪೊಟ್ಟಣ ತೇವ ಹೀರಲು ಇಟ್ಟದ್ದು, ಎಸೆಯಬೇಡಿ. ಮಾತ್ರೆಗಳನ್ನು ಬೇರೆ ಡಬ್ಬಿಗೆ ಸುರಿಯಬೇಡಿ. ಮಕ್ಕಳ ಕೈಗೆ ಸಿಗಬಾರದು.

6. ರಕ್ತ ಪರೀಕ್ಷೆ ಯಾವಾಗ, ಹೇಗೆ

ಟಿಎಸ್‌ಎಚ್ ಹೆಚ್ಚಿದೆ ಎಂದರೆ ಥೈರಾಯ್ಡ್ ಹೆಚ್ಚಿದೆ ಎಂದು ತಿಳಿದು ಮಾತ್ರೆ ಕಡಿಮೆ ಮಾಡಿಕೊಂಡವರಿದ್ದಾರೆ. ಅದು ಉಲ್ಟಾ ಲೆಕ್ಕ. ಟಿಎಸ್‌ಎಚ್ ಎಂಬುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ಗೆ ಕೊಡುವ ಆಜ್ಞೆ. ಆಳುಗಳು ಸುಸ್ತಾದಷ್ಟೂ ಮೇಸ್ತ್ರಿಯ ಕೂಗು ಜೋರಾಗುವಂತೆ, ಥೈರಾಯ್ಡ್ ಹಾರ್ಮೋನು ಕಡಿಮೆಯಾದಷ್ಟೂ ಟಿಎಸ್‌ಎಚ್ ಏರುತ್ತದೆ. ಗರ್ಭಿಣಿಯರಲ್ಲದ ವಯಸ್ಕರಲ್ಲಿ ಅದು ಸುಮಾರು 0.4ರಿಂದ 4.5ರ ಒಳಗಿರಬೇಕು. ಲ್ಯಾಬಿನಿಂದ ಲ್ಯಾಬಿಗೆ ಈ ಗಡಿ ಕೊಂಚ ಬದಲಾಗುತ್ತದೆ, ವಯಸ್ಸಾದವರಲ್ಲಿ ಸ್ವಲ್ಪ ಮೇಲಿದ್ದರೂ ವೈದ್ಯರು ಒಪ್ಪುತ್ತಾರೆ.

ಮಾತ್ರೆ ಶುರುವಾದ ಮೇಲೆ, ಪ್ರಮಾಣ ಬದಲಾದ ಮೇಲೆ, ಆರರಿಂದ ಎಂಟು ವಾರ ಕಾದು ಪರೀಕ್ಷೆ ಮಾಡಿಸಿ. ಹದಿನೈದು ದಿನಕ್ಕೇ ಮಾಡಿಸಿದರೆ ಹಣವೂ ದಂಡ, ತಪ್ಪು ತೀರ್ಮಾನಕ್ಕೂ ದಾರಿ. ಅಂಕಿ ಹದಕ್ಕೆ ಬಂದಮೇಲೆ ಆರು ತಿಂಗಳಿಗೊಮ್ಮೆ, ಮುಂದೆ ವರ್ಷಕ್ಕೊಮ್ಮೆ ಸಾಕು. ಸಾಧ್ಯವಾದಷ್ಟೂ ಅದೇ ಲ್ಯಾಬಿನಲ್ಲಿ, ಬೆಳಗಿನ ಹೊತ್ತಿನಲ್ಲೇ ಮಾಡಿಸಿ. ಪರೀಕ್ಷೆಯ ದಿನ ಮಾತ್ರೆಯನ್ನು ಜೊತೆಗೆ ಒಯ್ದು ರಕ್ತ ಕೊಟ್ಟ ನಂತರ ನುಂಗಿ. ಮೊದಲೇ ನುಂಗಿದರೆ ಟಿ-4 ಕೆಲವು ಗಂಟೆ ಏರಿ ಕಾಣುತ್ತದೆ. ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುವವರು ಪರೀಕ್ಷೆಗೆ ಎರಡು ದಿನ ಮೊದಲೇ ಅದನ್ನು ನಿಲ್ಲಿಸಬೇಕು. ರಕ್ತದಲ್ಲಿ ಬಯೋಟಿನ್ ಇದ್ದರೆ ಕೆಲವು ಯಂತ್ರಗಳು ಟಿಎಸ್‌ಎಚ್ ಅನ್ನು ಸುಳ್ಳೇ ಕಡಿಮೆ ತೋರಿಸುತ್ತವೆ.

7. ಮುಟ್ಟು ನಿಂತ ಕೂಡಲೇ ಫೋನ್ ಮಾಡಿ

ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳು ಗರ್ಭಿಣಿಯಾದೆವೆಂದು ತಿಳಿದ ದಿನವೇ ವೈದ್ಯರಿಗೆ ಹೇಳಬೇಕು, ಮೂರು ತಿಂಗಳು ತುಂಬಲಿ ಎಂದು ಗುಟ್ಟಾಗಿಡಬಾರದು. ಮೊದಲ ಮೂರು ತಿಂಗಳು ಮಗುವಿನ ಮೆದುಳು ಬೆಳೆಯಲು ಬೇಕಾದ ಥೈರಾಯ್ಡ್ ಹಾರ್ಮೋನು ಬರುವುದು ತಾಯಿಯಿಂದಲೇ. ಗರ್ಭ ನಿಂತ ಕೆಲವೇ ವಾರಗಳಲ್ಲಿ ಮಾತ್ರೆಯ ಅಗತ್ಯ ಸಾಮಾನ್ಯವಾಗಿ ಕಾಲುಭಾಗಕ್ಕಿಂತಲೂ ಹೆಚ್ಚು ಏರುತ್ತದೆ. ಐದನೇ ತಿಂಗಳವರೆಗೆ ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್ ನೋಡುತ್ತಾರೆ, 2.5ರ ಒಳಗೆ ಇಡಲು ಯತ್ನಿಸುತ್ತಾರೆ. ಬಸುರಿನಲ್ಲಿ ಇಂಗ್ಲಿಷ್ ಮಾತ್ರೆ ಉಷ್ಣ, ಬೇಡ ಎಂದು ಮನೆಯ ಹಿರಿಯರು ಹೇಳಿದರೆ, ಈ ಮಾತ್ರೆ ಮಗುವಿಗೆ ಕೆಡುಕು ಮಾಡುವುದಿಲ್ಲ, ಬಿಟ್ಟರೆ ಮಾತ್ರ ಗರ್ಭಪಾತ, ಅವಧಿಗೆ ಮುನ್ನ ಹೆರಿಗೆಯ ಅಪಾಯ ಹೆಚ್ಚುತ್ತದೆ ಎಂದು ಅವರಿಗೆ ತಾಳ್ಮೆಯಿಂದ ತಿಳಿಸಿ. ಬೇಕಿದ್ದರೆ ಅವರನ್ನೇ ವೈದ್ಯರ ಬಳಿ ಕರೆದುಕೊಂಡು ಹೋಗಿ. ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಹಳೆಯ ಪ್ರಮಾಣಕ್ಕೆ ಇಳಿಸಿ, ಆರು ವಾರಕ್ಕೆ ಮತ್ತೆ ಪರೀಕ್ಷಿಸುತ್ತಾರೆ. ಎದೆಹಾಲು ಕುಡಿಸಲು ಯಾವ ಅಡ್ಡಿಯೂ ಇಲ್ಲ.

8. ಅಳತೆ ಮೀರಿದಾಗ ದೇಹ ಕೊಡುವ ಸೂಚನೆ

ಎದೆ ಡವಗುಟ್ಟುವುದು, ಕೈ ನಡುಗುವುದು, ನಿದ್ದೆ ಬಾರದಿರುವುದು, ವಿಪರೀತ ಬೆವರು, ಪದೇ ಪದೇ ಭೇದಿ, ಕಾರಣವಿಲ್ಲದೆ ತೂಕ ಇಳಿಯುವುದು ಪ್ರಮಾಣ ಹೆಚ್ಚಾಗಿರುವ ಲಕ್ಷಣಗಳು. ಹೀಗಾದರೆ ಬೇಗ ವೈದ್ಯರನ್ನು ಕಂಡು ಟಿಎಸ್‌ಎಚ್ ನೋಡಿಸಿ. ಹೊರಗೆ ಏನೂ ಕಾಣದಿದ್ದರೂ ವರ್ಷಗಟ್ಟಲೆ ಹೆಚ್ಚು ಮಾತ್ರೆ ಒಳಗೆ ಹೋದರೆ ಹೃದಯದ ಬಡಿತ ತಾಳ ತಪ್ಪುತ್ತದೆ, ವಯಸ್ಸಾಗಿ ಮುಟ್ಟು ನಿಂತ ಹೆಂಗಸರ ಮೂಳೆ ಸವೆಯುತ್ತದೆ. ಇದೇ ಕಾರಣಕ್ಕೆ, ಥೈರಾಯ್ಡ್ ಸರಿಯಾಗಿರುವವರು ತೆಳ್ಳಗಾಗಲೆಂದು ಈ ಮಾತ್ರೆ ನುಂಗುವುದು ಪ್ರಾಣಕ್ಕೇ ಎರವಾಗಬಹುದು. ಯಾರಾದರೂ ಅಂಥ ಸಲಹೆ ಕೊಟ್ಟರೆ ಕಿವಿಗೊಡಬೇಡಿ.

ಮಾತ್ರೆ ಶುರು ಮಾಡಿದ ಮೇಲೆ ಎದೆನೋವು, ಉಸಿರುಗಟ್ಟುವಿಕೆ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬಹುಕಾಲ ಮಾತ್ರೆ ಬಿಟ್ಟಿರುವ ಹಿರಿಯರು ಜ್ವರವೋ ಕೆಮ್ಮೋ ಬಂದ ನಂತರ ಮಂಕಾಗಿ, ಮೈ ತಣ್ಣಗಾಗಿ, ಮಾತು ತೊದಲಿ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ಅದು ಥೈರಾಯ್ಡ್ ಕೊರತೆಯ ಅತ್ಯಂತ ಅಪಾಯದ ಹಂತವಿರಬಹುದು. ಮನೆಯಲ್ಲಿ ಬಾಯಿಗೆ ಮಾತ್ರೆ ಹಾಕುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಮಾತ್ರೆ ಡಬ್ಬಿ ಮತ್ತು ಕೊನೆಯ ರಕ್ತ ಪರೀಕ್ಷೆಯ ಚೀಟಿ ಹಿಡಿದುಕೊಂಡು ಜಿಲ್ಲಾ ಆಸ್ಪತ್ರೆಗೋ ಹತ್ತಿರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಕರೆದೊಯ್ಯಿರಿ.